ಪ್ರಕೃತಿ ಕವಿತೆಯ ಅಲಂಕಾರ ಭಾಷೆ: ಪದೇ ಪದೇ ಕೇಳುವ ಪ್ರಶ್ನೆಗಳು

ಹಲವು ವರ್ಷಗಳಿಂದ ಬೇರೆ ಬೇರೆ ವಯಸ್ಸಿನವರ ಜೊತೆ ಕೂತು ಕವಿತೆ ಓದುತ್ತ ಬಂದಿದ್ದೇನೆ. ಮಳೆ, ಮೋಡ, ಹೊಳೆ, ಹಕ್ಕಿಗಳ ಕವಿತೆ ಕೈಗೆತ್ತಿಕೊಂಡಾಗಲೆಲ್ಲ ಏಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಮೂಲ ಯಾವುದೆಂದು ಹೇಳದೆ ಕೊಟ್ಟಿರುವ ಸಾಲುಗಳು ವಿವರಿಸುವುದಕ್ಕೆಂದು ನಾನೇ ಕಟ್ಟಿಕೊಂಡವು.

ಅಲಂಕಾರ ಭಾಷೆ ಎಂದರೆ ಏನು?

ಮಾತು ತನ್ನ ನೇರ ಅರ್ಥವನ್ನು ಬಿಟ್ಟು, ಇಲ್ಲವೇ ಅದನ್ನು ದಾಟಿ, ಇನ್ನೊಂದನ್ನು ತೋರಿಸುವ ಬಗೆ. "ಮೋಡ ಕಪ್ಪಗಿದೆ" ಎಂದರೆ ನೇರ ಮಾತು. "ಮೋಡ ಮುಖ ಗಂಟಿಕ್ಕಿದೆ" ಎಂದರೆ ಅಲಂಕಾರ. ಮೋಡಕ್ಕೆ ಮುಖವಿಲ್ಲವೆಂದು ಗೊತ್ತಿದ್ದೂ ಎರಡನೆಯ ಮಾತಿನಿಂದ ನಮಗೆ ಏನೋ ಹೆಚ್ಚಿಗೆ ಸಿಕ್ಕಿತಲ್ಲ, ಆ ಹೆಚ್ಚುವರಿಯನ್ನು ಹಿಡಿಯುವುದೇ ಇಲ್ಲಿನ ಕೆಲಸ.

ಕವಿ ಹೇಳಬೇಕಾದ್ದನ್ನು ನೇರವಾಗಿ ಏಕೆ ಹೇಳುವುದಿಲ್ಲ?

ನಾವೂ ಹೇಳುವುದಿಲ್ಲ, ಗಮನಿಸಿ. ಸೂರ್ಯ ಹುಟ್ಟಿದ, ಮುಳುಗಿದ ಎನ್ನುತ್ತೇವೆ. ಅವನು ಹುಟ್ಟುವುದೂ ಇಲ್ಲ, ಮುಳುಗುವುದೂ ಇಲ್ಲ. ಬಿಸಿಲು ಏರುತ್ತದೆ, ಕತ್ತಲೆ ಕವಿಯುತ್ತದೆ, ಮಳೆ ಹಿಡಿದುಕೊಳ್ಳುತ್ತದೆ, ಬಿರುಕುಬಿಟ್ಟ ನೆಲ ಬಾಯಿ ಬಿಡುತ್ತದೆ, ಬೆಟ್ಟಕ್ಕೆ ನೆತ್ತಿ ಇದೆ, ಭೂಮಿಗೆ ಒಡಲಿದೆ. ದಿನಬಳಕೆಯ ಕನ್ನಡದ ತುಂಬ ಹಳೆಯ ರೂಪಕಗಳು ಮಲಗಿವೆ.

ನನಗೆ ತುಂಬ ಇಷ್ಟವಾದದ್ದು "ಹೊತ್ತು" ಎಂಬ ಪದ. ಹೊತ್ತು ಎಂದರೆ ಸೂರ್ಯ, ಹೊತ್ತು ಎಂದರೆ ಸಮಯ. "ಹೊತ್ತು ಮುಳುಗಿತು" ಎಂದಾಗ ಸೂರ್ಯ ಇಳಿದ. "ಹೊತ್ತಾಯಿತು" ಎಂದಾಗ ತಡವಾಯಿತು. "ತಿಂಗಳು" ಕೂಡ ಹೀಗೆಯೇ. ಆಕಾಶದ ಚಂದ್ರನೂ ಅದೇ, ಕ್ಯಾಲೆಂಡರಿನ ಮೂವತ್ತು ದಿನವೂ ಅದೇ. "ಬೆಳದಿಂಗಳು" ಎಂಬಲ್ಲಿ ಆ ಹಳೆಯ ಚಂದ್ರ ಇನ್ನೂ ಉಳಿದುಕೊಂಡಿದ್ದಾನೆ. ಆಕಾಶ ನೋಡಿ ಕಾಲ ಎಣಿಸಿದವರ ಬದುಕು ಈ ಎರಡು ಪದಗಳಲ್ಲಿ ಅಡಗಿದೆ. ಕವಿ ಮಾಡುವುದು ಇದನ್ನೇ, ಎಚ್ಚರದಿಂದ ಮಾಡುತ್ತಾನೆ ಅಷ್ಟೆ. ಮಲಗಿದ ರೂಪಕವನ್ನು ತಟ್ಟಿ ಎಬ್ಬಿಸುತ್ತಾನೆ, ಇಲ್ಲವೇ ಹೊಸದೊಂದನ್ನು ತರುತ್ತಾನೆ.

ಅಲಂಕಾರ ತುಂಬಿದ ಕವಿತೆಯನ್ನು ಎಲ್ಲಿಂದ ಓದಲು ಶುರು ಮಾಡಬೇಕು?

ವಸ್ತುವಿನಿಂದ. ಕವಿತೆ ಯಾವ ಮರ, ಯಾವ ನೀರು, ಯಾವ ಹೊತ್ತಿನ ಬೆಳಕಿನ ಬಗ್ಗೆ ಮಾತಾಡುತ್ತಿದೆ ಎಂದು ಮೊದಲು ಕಣ್ಣಮುಂದೆ ತಂದುಕೊಳ್ಳಿ. "ಇದರ ಒಳಾರ್ಥ ಏನು?" ಎಂದು ಮೊದಲ ಸಾಲಿಗೇ ಕೇಳಿಬಿಟ್ಟರೆ ಮರ ಮಾಯವಾಗಿ ಬರೀ ತತ್ವ ಕೈಗೆ ಸಿಗುತ್ತದೆ. ನಾನು ಕಂಡ ಹೆಚ್ಚಿನ ತಪ್ಪು ಓದುಗಳು ಈ ಅವಸರದಿಂದಲೇ ಆದವು.

ಒಂದು ಉದಾಹರಣೆ ಹಿಡಿದು ನಿಧಾನವಾಗಿ ನೋಡೋಣ.

ಬತ್ತಿದ ಕೆರೆ ಬಾಯಿ ತೆರೆದು ಮಲಗಿದೆ.
ಮೋಡವೊಂದು ಕಂಡೂ ಕಾಣದ ಹಾಗೆ
ಮೇಲೆ ಹಾದುಹೋಯಿತು;
ಅದರ ನೆರಳು ಮಾತ್ರ
ಕೆರೆಗಿಳಿದು, ಹತ್ತಿ, ಹೋಯಿತು.

ಮೊದಲ ಓದಿಗೇ "ಬಡವನನ್ನು ಕಂಡೂ ಕಾಣದ ಸಿರಿವಂತ" ಎಂಬ ಅರ್ಥ ಹೊಳೆಯುತ್ತದೆ. ತಪ್ಪೇನಿಲ್ಲ. ಆದರೆ ಅಲ್ಲಿಗೇ ನಿಂತರೆ ಕವಿತೆಯ ಮುಕ್ಕಾಲು ಪಾಲು ಹೋಯಿತು. ಈಗ ಕೆರೆಯನ್ನು ನೋಡಿ. ನೀರು ತುಂಬಿದ್ದಾಗ ಮೋಡ ಬಂದರೆ ಕೆರೆಯಲ್ಲಿ ಅದರ ಬಿಂಬ ಮೂಡುತ್ತಿತ್ತು. ಮೋಡ ಕೆರೆಯೊಳಗೇ ಇಳಿದಂತೆ ಕಾಣುತ್ತಿತ್ತು. ಬತ್ತಿದ ಕೆರೆಗೆ ಬಿಂಬ ಹಿಡಿಯುವ ಶಕ್ತಿ ಇಲ್ಲ. ಒಣ ಮಣ್ಣಿನ ಮೇಲೆ ಬೀಳುವುದು ನೆರಳೊಂದೇ. "ನೆರಳು ಮಾತ್ರ" ಎಂಬಲ್ಲಿನ "ಮಾತ್ರ" ಎಷ್ಟು ಕಳೆದುಹೋಗಿದೆ ಎಂದು ಲೆಕ್ಕ ಹೇಳುತ್ತಿದೆ.

ಮೋಡವನ್ನೂ ನೋಡಿ. ಅಂಚು ಗುರುತಿಸಬಹುದಾದ ನೆರಳು ಬೀಳಬೇಕಾದರೆ ಸುತ್ತ ಬಿಸಿಲಿರಬೇಕು. ಹಾಗೆ ನೆರಳು ಎಳೆದುಕೊಂಡು ಹೋಗುವುದು ಬಿಡಿಬಿಡಿಯಾದ ಬಿಳಿ ಮೋಡ. ಊರಿಗೆ ಊರೇ ನೆನೆಯುವ ಮಳೆ ತರುವ ಮೋಡ ಆಕಾಶವನ್ನೇ ಮುಚ್ಚುತ್ತದೆ, ಅದರ ಕೆಳಗೆ ಬೇರೆಯಾಗಿ ನೆರಳೆಂಬುದೇ ಕಾಣುವುದಿಲ್ಲ. ಎಂದರೆ ನೆರಳು ಕಂಡ ಕ್ಷಣವೇ ಇದು ಸುರಿಯುವ ಮೋಡವಲ್ಲ ಎಂದು ಗೊತ್ತಾಗಿಬಿಟ್ಟಿತು. ಮೊದಲು ಕ್ರೂರಿಯಂತೆ ಕಂಡ ಮೋಡ ಈಗ ಬರಿಗೈಯವನಂತೆ ಕಾಣತೊಡಗುತ್ತದೆ. ಕೊಡಲು ತನ್ನಲ್ಲೇ ಇಲ್ಲದವನು ಮುಖ ತಪ್ಪಿಸಿ ನಡೆಯುವುದಿಲ್ಲವೇ? "ಕಂಡೂ ಕಾಣದ ಹಾಗೆ" ಎಂಬ ಹೋಲಿಕೆಯ ಬಣ್ಣವೇ ಬದಲಾಯಿತು.

ಅದಕ್ಕೇ ವಸ್ತುವನ್ನು ಮೊದಲು ನೋಡಿ ಎನ್ನುವುದು. ಸಿರಿವಂತ, ಬಡವ ಎಂಬ ಅರ್ಥ ನಾವು ತಲೆಯಲ್ಲಿ ಇಟ್ಟುಕೊಂಡೇ ಬಂದದ್ದು. ಬರಿಗೈಯ ಮೋಡ ಕೆರೆಯ ಅಂಗಳದಲ್ಲೇ ಸಿಕ್ಕಿದ್ದು.

ಉಪಮೆಗೂ ರೂಪಕಕ್ಕೂ ಏನು ವ್ಯತ್ಯಾಸ?

ಉಪಮೆ ಎರಡು ವಸ್ತುಗಳನ್ನು ಪಕ್ಕಪಕ್ಕ ನಿಲ್ಲಿಸುತ್ತದೆ. ರೂಪಕ ಎರಡನ್ನೂ ಒಂದೇ ಎನ್ನುತ್ತದೆ. "ಮಂಜು ಹಾಲಿನ ಹಾಗೆ ಕಣಿವೆ ತುಂಬಿತು" ಉಪಮೆ. "ಕಣಿವೆಯ ತುಂಬ ಮಂಜಿನ ಹಾಲು" ರೂಪಕ.

ಉಪಮೆಗೆ ನಾಲ್ಕು ಅಂಗ ಎಂದು ಪಾಠದಲ್ಲಿ ಓದಿರುತ್ತೀರಿ. ವರ್ಣಿಸಹೊರಟ ವಸ್ತು ಉಪಮೇಯ, ಹೋಲಿಕೆಗೆ ತಂದದ್ದು ಉಪಮಾನ, ಎರಡಕ್ಕೂ ಸೇರಿದ ಗುಣ ಸಮಾನಧರ್ಮ, "ಹಾಗೆ", "ಅಂತೆ" ಮುಂತಾದವು ಉಪಮಾವಾಚಕ. ನಾಲ್ಕೂ ಇದ್ದರೆ ಪೂರ್ಣೋಪಮೆ, ಒಂದಾದರೂ ಬಿಟ್ಟುಹೋದರೆ ಲುಪ್ತೋಪಮೆ. ಈ ಪಟ್ಟಿಯಲ್ಲಿ ನಿಜಕ್ಕೂ ಉಪಯೋಗಕ್ಕೆ ಬರುವುದು ಸಮಾನಧರ್ಮ. ಕವಿ ಅದನ್ನು ಹೇಳದೆ ಬಿಟ್ಟಾಗ ಓದುಗರೇ ಹುಡುಕಬೇಕು. ಮಂಜಿಗೂ ಹಾಲಿಗೂ ಯಾವುದು ಸಮಾನ? ಬಿಳುಪು ಸರಿ. ತಗ್ಗು ಹುಡುಕಿಕೊಂಡು ತುಂಬುವುದೂ ಸಮಾನವೇ. ತಂಪಾದ ಗಾಳಿ ಭಾರವಾಗಿ ಕಣಿವೆಗೆ ಇಳಿಯುತ್ತದೆ, ಮಂಜು ಅಲ್ಲಿ ಕಟ್ಟುತ್ತದೆ, ಪಾತ್ರೆಯಲ್ಲಿ ನಿಂತ ಹಾಲಿನಂತೆ ಮೇಲ್ಮೈ ಸಮವಾಗಿರುತ್ತದೆ. ಇಷ್ಟು ಕಂಡರೆ ಹೋಲಿಕೆ ಗಟ್ಟಿಯಾಯಿತು.

ಇನ್ನೊಂದು ಪ್ರಶ್ನೆ ಬಾಕಿ ಇದೆ: ಯಾವುದು ಹೊಂದುವುದಿಲ್ಲ? ಹಾಲನ್ನು ಬೊಗಸೆಯಲ್ಲಿ ಹಿಡಿಯಬಹುದು, ಮಂಜು ಹತ್ತಿರ ಹೋದಷ್ಟೂ ತೆಳುವಾಗುತ್ತದೆ. ಒಳ್ಳೆಯ ಕವಿಗೆ ಈ ಹೊಂದದ ಭಾಗವೂ ಗೊತ್ತಿರುತ್ತದೆ. ಎಷ್ಟೋ ಸಲ ಕವಿತೆಯ ಕೊನೆಯ ತಿರುವು ಅಲ್ಲಿಂದಲೇ ಹುಟ್ಟುತ್ತದೆ.

ರೂಪಕ ಒಂದು ಸಾಲಿಗೆ ಮುಗಿಯಬೇಕೆಂದಿಲ್ಲ, ಇಡೀ ಕವಿತೆಯನ್ನೇ ಹೊತ್ತುಕೊಂಡು ಹಾರಬಲ್ಲದು. ಕಾಲವನ್ನು ಹಕ್ಕಿಯಾಗಿ ಕಂಡ ಬೇಂದ್ರೆಯವರ ಕವಿತೆ ಎಲ್ಲರಿಗೂ ಗೊತ್ತು. ಆ ಹಕ್ಕಿಗೆ ಕಪ್ಪು ಪುಕ್ಕಗಳಿವೆ, ಬಿಳಿಯಾಗಿ ಹೊಳೆಯುವ ಗರಿಗಳಿವೆ, ಪಕ್ಕದಲ್ಲಿ ಕೆಂಪು ಹೊನ್ನಿನ ಬಣ್ಣದ ಎರಡು ರೆಕ್ಕೆಗಳಿವೆ. ಇರುಳು ಪುಕ್ಕವಾಯಿತು, ಹಗಲು ಗರಿಯಾಯಿತು, ಬೆಳಗಿನ ಕೆಂಪೂ ಬೈಗಿನ ಕೆಂಪೂ ಎರಡು ಕಡೆಯ ರೆಕ್ಕೆಗಳಾದವು ಎಂದು ನಾನು ಓದಿಕೊಳ್ಳುತ್ತೇನೆ. ಒಂದು ರೂಪಕ ತನ್ನ ವಿವರಗಳಲ್ಲೂ ಹೀಗೆ ನಿಲ್ಲುವುದು ಅಪರೂಪ.

ಉತ್ಪ್ರೇಕ್ಷೆಯೂ "ಅಂತೆ" ಎನ್ನುತ್ತದೆ, ಉಪಮೆಯೂ "ಅಂತೆ" ಎನ್ನುತ್ತದೆ. ಗುರುತಿಸುವುದು ಹೇಗೆ?

ಈ ಗೊಂದಲ ನಿಮ್ಮೊಬ್ಬರದಲ್ಲ, ಸಾವಿರ ವರ್ಷಕ್ಕಿಂತ ಹಳೆಯದು. ಕತ್ತಲನ್ನು ವರ್ಣಿಸುವ ಒಂದು ಪ್ರಸಿದ್ಧ ಸಂಸ್ಕೃತ ಪದ್ಯವಿದೆ. ಕತ್ತಲು ಮೈಗೆಲ್ಲ ಬಳಿಯುತ್ತಿರುವಂತಿದೆ, ಆಕಾಶ ಕಾಡಿಗೆಯ ಮಳೆ ಸುರಿಸುತ್ತಿರುವಂತಿದೆ ಎಂದು ಅದರ ಭಾವ. ನಮ್ಮ "ಅಂತೆ"ಗೆ ಸಮನಾದ "ಇವ" ಎಂಬ ಸಂಸ್ಕೃತ ಪದ ಇರುವುದರಿಂದ ಇದು ಉಪಮೆ ಎಂದು ಕೆಲವರು ವಾದಿಸುತ್ತಿದ್ದರು. ಸಂಸ್ಕೃತದ ಅಲಂಕಾರ ಶಾಸ್ತ್ರಕಾರ ದಂಡಿ ತನ್ನ ಕಾವ್ಯಾದರ್ಶದಲ್ಲಿ ಅದನ್ನು ಒಪ್ಪದೆ, ಇದು ಉತ್ಪ್ರೇಕ್ಷೆ ಎಂದ. "ಬಳಿಯುತ್ತಿದೆ" ಎಂಬುದು ಕ್ರಿಯೆ. ಕ್ರಿಯಾಪದವನ್ನು ಉಪಮಾನವಾಗಿ ತಂದು ನಿಲ್ಲಿಸಲಾಗದು, ಕತ್ತಲನ್ನು ಯಾವ ವಸ್ತುವಿಗೆ ಹೋಲಿಸಿದೆ ಎಂದು ಕೇಳಿದರೆ ಬೆರಳು ಮಾಡಿ ತೋರಿಸಲು ಅಲ್ಲಿ ಏನೂ ಇಲ್ಲ ಎಂಬುದು ಅವನ ವಾದದ ತಿರುಳು.

ಈ ಪರೀಕ್ಷೆ ಇವತ್ತಿಗೂ ಕೆಲಸ ಮಾಡುತ್ತದೆ. ಹೋಲಿಸಲು ಇನ್ನೊಂದು ವಸ್ತು ಎದುರಿಗೆ ನಿಂತಿದ್ದರೆ ಉಪಮೆ. ಒಂದೇ ವಸ್ತುವನ್ನು ನೋಡುತ್ತ "ಹೀಗೆ ಮಾಡುತ್ತಿದೆಯೋ ಏನೋ" ಎಂದು ಕಲ್ಪಿಸಿಕೊಂಡರೆ ಉತ್ಪ್ರೇಕ್ಷೆ. "ಬಿದಿರು ಬಿಲ್ಲಿನಂತೆ ಬಾಗಿದೆ" ಉಪಮೆ. "ಹೊಳೆಗೆ ಗುಟ್ಟು ಹೇಳಲೋ ಎಂಬಂತೆ ಬಿದಿರು ಬಾಗಿದೆ" ಉತ್ಪ್ರೇಕ್ಷೆ.

ನಮ್ಮ "ಅಂತೆ"ಗೆ ಇನ್ನೊಂದು ಕೆಲಸವೂ ಇದೆ. "ನಾಳೆ ಮಳೆ ಬರುತ್ತದಂತೆ" ಎಂದರೆ ಯಾರೋ ಹೇಳಿದ ಸುದ್ದಿ. ಹೋಲಿಕೆ, ಊಹೆ, ಕೇಳಿದ ಮಾತು ಮೂರನ್ನೂ ಒಂದೇ ಪುಟ್ಟ ಪದ ಹೊರುತ್ತದೆ. ಜಾಣ ಕವಿ ಕೈಯಲ್ಲಿ ಇದು ಎಷ್ಟು ಆಟವಾಡಬಲ್ಲದು, ಯೋಚಿಸಿ.

ಅಲಂಕಾರಗಳ ಹೆಸರು ಬಾಯಿಪಾಠ ಬರಲೇಬೇಕೆ?

ಬಂದರೆ ಒಳ್ಳೆಯದು. ಬಾರದಿದ್ದರೂ ಕವಿತೆ ಬಾಗಿಲು ಹಾಕುವುದಿಲ್ಲ. ಶಾಲೆಯಲ್ಲಿ ನಾನು "ಇಲ್ಲಿ ಉಪಮಾಲಂಕಾರವಿದೆ" ಎಂದು ಬರೆದು, ಉಪಮೇಯ ಉಪಮಾನಗಳಿಗೆ ಅಡಿಗೆರೆ ಎಳೆದು ಪೂರ್ತಿ ಅಂಕ ತೆಗೆದುಕೊಂಡೆ. ಆ ಪದ್ಯದಲ್ಲಿ ಹೂವು ಯಾಕೆ ದೀಪವಾಯಿತು ಎಂದು ಯಾರೂ ಕೇಳಲಿಲ್ಲ, ನನಗೂ ಕೇಳಬೇಕೆನಿಸಲಿಲ್ಲ. ಬಹಳ ವರ್ಷಗಳಾದ ಮೇಲೆ, ಬೆಳಕು ಕುಂದಿದ ಸಂಜೆಯಲ್ಲಿ ಕೆಂಪು ಹೂವುಗಳೆಲ್ಲ ಕಪ್ಪಾಗಿ, ಬಿಳಿ ಹೂವುಗಳಷ್ಟೇ ಉಳಿದು ಹೊಳೆಯುವುದನ್ನು ಕಂಡಾಗ ಆ ಸಾಲು ತಾನಾಗಿ ನೆನಪಾಯಿತು. ಅಡಿಗೆರೆ ಎಳೆದ ಹುಡುಗನಿಗೆ ತಪ್ಪಿಹೋದದ್ದು ಅದು.

ಹೆಸರಿನ ಉಪಯೋಗ ಬೇರೆ ಇದೆ. ಇಬ್ಬರು ಓದುಗರು ಮಾತಾಡುವಾಗ ಒಂದೇ ಕಡೆಗೆ ಬೊಟ್ಟು ಮಾಡಲು ಅದು ಬೇಕಾಗುತ್ತದೆ. ಓದು ಮುಗಿದ ಮೇಲೆ ಹೆಸರಿಡಿ, ಓದುವ ಮೊದಲು ಬೇಡ.

"ನದಿ ಹರಿದಳು" ಎಂದು ಬರೆಯುವುದು ವ್ಯಾಕರಣದ ತಪ್ಪಲ್ಲವೇ?

ವಾಡಿಕೆಯಲ್ಲಿ ನದಿ ನಪುಂಸಕಲಿಂಗ: ನದಿ ಹರಿಯಿತು. ಕವಿ "ಹರಿದಳು" ಎಂದಾಗ ಕ್ರಿಯಾಪದದ ಕೊನೆಯ ಒಂದೇ ಅಕ್ಷರದಲ್ಲಿ ನದಿಗೆ ಜೀವ ಬಂತು. ಕನ್ನಡದ ಈ ಸೌಲಭ್ಯವನ್ನು ನಾವು ಸಾಕಷ್ಟು ಮೆಚ್ಚಿಕೊಂಡಿಲ್ಲ ಎಂದು ನನಗೆ ಅನಿಸುತ್ತದೆ. "ನದಿಯೆಂಬ ಹೆಣ್ಣು" ಎಂದು ಉದ್ದಕ್ಕೆ ಹೇಳಬೇಕಿಲ್ಲ, ಕಣ್ಣು ಮುಖ ಅಂಟಿಸಬೇಕಿಲ್ಲ. "ಭೂಮಿ ನಡುಗಿತು" ಎಂದರೆ ಭೂಕಂಪದ ಸುದ್ದಿ, "ಭೂಮಿ ನಡುಗಿದಳು" ಎಂದರೆ ಯಾರದೋ ನೋವು.

ಹಾಗಾಗಿ ಪ್ರಕೃತಿ ಕವಿತೆ ಓದುವಾಗ ಕ್ರಿಯಾಪದದ ಬಾಲವನ್ನು ನೋಡುವ ಅಭ್ಯಾಸ ಮಾಡಿಕೊಳ್ಳಿ. ಕವಿ ಎಲ್ಲಿ "ಅದು" ಎನ್ನುತ್ತಾನೆ, ಎಲ್ಲಿ "ಅವಳು" ಎಂದು ತಿರುಗುತ್ತಾನೆ? ಒಂದೇ ಕವಿತೆಯಲ್ಲಿ ಮೊದಲರ್ಧ "ಹರಿಯಿತು", ಕೊನೆಗೆ "ಸೇರಿದಳು" ಎಂದಿದ್ದರೆ ನಡುವೆ ಏನೋ ನಡೆದಿದೆ.

ಜಡಕ್ಕೆ ಚೇತನ ಕೊಡುವ ಈ ಬಗೆ ಹೊಸದೇನಲ್ಲ. ಋಗ್ವೇದದಲ್ಲೇ ಉಷಸ್ಸು ಆಕಾಶದ ಮಗಳು. ಅಲಂಕಾರ ಶಾಸ್ತ್ರದ ಸಮಾಸೋಕ್ತಿ ಇದಕ್ಕೆ ಹತ್ತಿರದ್ದು: ವರ್ಣನೆ ಸಂಜೆಯದೋ ಕಮಲದ್ದೋ ಆಗಿರುತ್ತದೆ, ವಿಶೇಷಣಗಳು ಮಾತ್ರ ಮನುಷ್ಯರ ನಡವಳಿಕೆಯನ್ನು ಸೂಚಿಸುತ್ತಿರುತ್ತವೆ.

ಮೋಡ ಅಳುವುದು, ಮರ ಬಿಕ್ಕುವುದು: ಇದೆಲ್ಲ ಪ್ರಕೃತಿಯ ಮೇಲೆ ನಮ್ಮ ಭಾವನೆ ಹೇರಿದ ಹಾಗಲ್ಲವೇ?

ಹೌದು, ಹೇರಿದ ಹಾಗೆಯೇ. ಇದರ ಬಗ್ಗೆ ಮೊದಲು ಕಟುವಾಗಿ ಬರೆದವರಲ್ಲಿ ಇಂಗ್ಲಿಷಿನ ವಿಮರ್ಶಕ ಜಾನ್ ರಸ್ಕಿನ್ ಮುಖ್ಯ. 1856ರಲ್ಲಿ ಪ್ರಕಟವಾದ ಬರಹದಲ್ಲಿ ಆತ, ಕಡಲ ನೊರೆಯನ್ನು ಕ್ರೂರಿ, ತೆವಳುವಂಥದ್ದು ಎಂದ ಒಂದು ಸಾಲನ್ನು ಎತ್ತಿಕೊಂಡು, ನೊರೆ ಕ್ರೂರವೂ ಅಲ್ಲ, ತೆವಳುವುದೂ ಇಲ್ಲ ಎಂದ. ದುಃಖ ತಡೆಯಲಾರದ ಮನಸ್ಸಿಗೆ ಹೊರಗಿನದೆಲ್ಲ ಸುಳ್ಳಾಗಿ ಕಾಣುತ್ತದೆ ಎಂಬುದು ಆತನ ಆಕ್ಷೇಪ. ಆದರೂ ಆ ದುಃಖ ನಿಜವಾದದ್ದಾದರೆ ಅಂಥ ಸಾಲು ನಮಗೆ ಹಿಡಿಸುತ್ತದೆ ಎಂದೂ ಆತ ಒಪ್ಪಿಕೊಂಡ. ಸುಮ್ಮನೆ ಕುಶಲತೆಗಾಗಿ ತಣ್ಣಗೆ ಕೂತು ಬರೆದದ್ದನ್ನು ಮಾತ್ರ ಅವನು ಸಹಿಸಲಿಲ್ಲ.

ನನ್ನ ಅಳತೆಗೋಲೂ ಅದಕ್ಕೆ ಹತ್ತಿರವೇ. ಮಳೆಗೆ "ಅಳು" ಎಂದಾಗ ಮಳೆಯ ಯಾವುದಾದರೂ ಗುಣ ಹೆಚ್ಚು ಸ್ಪಷ್ಟವಾಯಿತೇ ಎಂದು ಕೇಳುತ್ತೇನೆ. "ಆಕಾಶ ಅತ್ತಿತು" ಎಂಬಲ್ಲಿ ಏನೂ ಸ್ಪಷ್ಟವಾಗಲಿಲ್ಲ, ಯಾವ ಮಳೆಗೂ ಅದನ್ನು ಹಚ್ಚಬಹುದು. "ಮಳೆ ನಿಂತ ಮೇಲೂ ಮರ ಬಿಕ್ಕುತ್ತಿತ್ತು" ಎಂದರೆ ಬೇರೆ. ಮಳೆ ನಿಂತು ಎಷ್ಟೋ ಹೊತ್ತಾದರೂ ಎಲೆಗಳಲ್ಲಿ ಉಳಿದ ನೀರು ಗಾಳಿ ಅಲುಗಿದಾಗಲೆಲ್ಲ ಹನಿಹನಿಯಾಗಿ ಉದುರುತ್ತದೆ. ಅತ್ತು ಮುಗಿಸಿದ ಮಗು ನಡುನಡುವೆ ಬಿಕ್ಕುವುದು ಥೇಟ್ ಹಾಗೆಯೇ. ಇಲ್ಲಿ ಭಾವವೂ ನಿಜ, ಮರವೂ ನಿಜ.

ಚಾತಕ ಬರೀ ಮಳೆಹನಿ ಕುಡಿಯುತ್ತದೆ, ಚಕೋರ ಬೆಳದಿಂಗಳು ಕುಡಿಯುತ್ತದೆ ಎನ್ನುತ್ತಾರೆ. ಸುಳ್ಳನ್ನು ಒಪ್ಪಿಕೊಂಡು ಓದಬೇಕೆ?

ಇವಕ್ಕೆ ಕವಿಸಮಯ ಎಂದು ಹೆಸರು. ಲೋಕದಲ್ಲಿ ಇಲ್ಲದಿದ್ದರೂ ಕವಿಗಳು ತಮ್ಮೊಳಗೆ ಒಪ್ಪಿಕೊಂಡು ಬಂದ ನಡಾವಳಿ. ಹಂಸ ಹಾಲು ನೀರನ್ನು ಬೇರೆ ಮಾಡುವುದು, ಚಕ್ರವಾಕದ ಜೋಡಿ ರಾತ್ರಿ ಅಗಲುವುದು ಈ ಪಟ್ಟಿಯವೇ. ಸಂಸ್ಕೃತ ಕವಿ ರಾಜಶೇಖರ ತನ್ನ ಕಾವ್ಯಮೀಮಾಂಸೆಯಲ್ಲಿ ಇವನ್ನು ವಿಸ್ತಾರವಾಗಿ ಚರ್ಚಿಸಿದ್ದಾನೆ. ಇವನ್ನು ಪಕ್ಷಿಶಾಸ್ತ್ರವೆಂದು ಓದಬಾರದು, ಶಬ್ದಕೋಶವೆಂದು ಓದಬೇಕು. ಚಾತಕ ಎಂದ ಕೂಡಲೇ "ಬೇರೆ ಯಾವುದನ್ನೂ ಒಲ್ಲದ ಕಾಯುವಿಕೆ" ಎಂಬ ಅರ್ಥ ಒಂದೇ ಪದದಲ್ಲಿ ಬಂದಿಳಿಯುತ್ತದೆ.

ಕೋಗಿಲೆಯ ವಿಷಯ ಇನ್ನೂ ಸ್ವಾರಸ್ಯ. ಕವಿತೆಗಳಲ್ಲಿ ಅದು ಬಹುಪಾಲು ಹೆಣ್ಣು: "ಕೋಗಿಲೆ ಹಾಡಿದಳು". ನಿಜದಲ್ಲಿ ದನಿ ಏರಿಸುತ್ತ ಹೋಗುವ ಆ ಕುಹೂ ಗಂಡಿನದು. ಮೈ ಕಪ್ಪಗಿರುವುದೂ ಗಂಡೇ, ಹೆಣ್ಣು ಕಂದು ಮೈಯ ಮೇಲೆ ಬಿಳಿ ಚುಕ್ಕೆಯದು. ಇದು ತಿಳಿದ ಮೇಲೆ ಹಳೆಯ ಕವಿತೆಗಳನ್ನು ಎಸೆಯಬೇಕಿಲ್ಲ, ಇವತ್ತು ಬರೆಯುವವರು ಮಾತ್ರ ಒಮ್ಮೆ ಮರದ ಮೇಲೆ ಕಣ್ಣು ಹಾಯಿಸಬಹುದು.

ವಿಜ್ಞಾನ ಗೊತ್ತಾದರೆ ಕವಿತೆಯ ರಸ ಕೆಡುವುದಿಲ್ಲವೇ?

ನನ್ನ ಅನುಭವ ಪೂರ್ತಿ ಉಲ್ಟಾ.

ತಾವರೆ ಎಲೆಯ ಮೇಲಿನ ನೀರಹನಿ ಎಂಬ ಹೋಲಿಕೆಯನ್ನೇ ತೆಗೆದುಕೊಳ್ಳಿ. ಇದ್ದೂ ಅಂಟದಿರುವುದಕ್ಕೆ ಭಾರತದ ಭಾಷೆಗಳಲ್ಲೆಲ್ಲ ಅದು ಸವೆದು ನುಣುಪಾದ ಉಪಮಾನ. ಎಷ್ಟು ಸವೆದಿದೆಯೆಂದರೆ ಯಾರೂ ಎಲೆಯನ್ನು ನೆನೆಯುವುದೇ ಇಲ್ಲ. ಒಮ್ಮೆ ಕೊಳದ ಅಂಚಿನಲ್ಲಿ ಬಗ್ಗಿ ನೋಡಿ. ಎಲೆಯ ಮೇಲೆ ಬಿದ್ದ ನೀರು ಹರಡುವುದಿಲ್ಲ, ಮುತ್ತಿನಂತೆ ದುಂಡಗಾಗಿ ಕೂರುತ್ತದೆ. ಎಲೆ ಸ್ವಲ್ಪ ಓರೆಯಾದರೂ ಉರುಳಿ ನಡುವಿನ ತಗ್ಗಿಗೆ ಬರುತ್ತದೆ, ಇಲ್ಲವೇ ಅಂಚಿನಿಂದ ಜಾರಿ ಹೋಗುತ್ತದೆ. ಎಲೆಯ ಮೇಲ್ಮೈಯಲ್ಲಿ ಬರಿಗಣ್ಣಿಗೆ ಕಾಣದಷ್ಟು ಸಣ್ಣ ಉಬ್ಬುಗಳಿವೆ, ಅವುಗಳ ಮೇಲೆ ಮೇಣದ ಲೇಪವಿದೆ. ಹನಿ ಆ ಉಬ್ಬುಗಳ ತುದಿಯನ್ನಷ್ಟೇ ಮುಟ್ಟುತ್ತದೆ, ಕೆಳಗೆ ಗಾಳಿ ಉಳಿದಿರುತ್ತದೆ.

ಇನ್ನೊಂದು ಮಾತು: ಹನಿ ಉರುಳುವಾಗ ಎಲೆಯ ಮೇಲಿನ ಧೂಳನ್ನು ಹತ್ತಿಸಿಕೊಂಡು ಹೋಗುತ್ತದೆ. ಹೋಲಿಕೆ ಈಗ ತಿರುಗಿ ನಿಂತಿತು. ಅಂಟದೆ ಹಾದುಹೋದದ್ದು ಸುಮ್ಮನೆ ಹೋಗಲಿಲ್ಲ, ಎಲೆಯನ್ನು ತೊಳೆದು ಹೋಯಿತು. ನಿರ್ಲಿಪ್ತತೆ ಎಂದರೆ ಒಣ ದೂರವೆಂದು ತಿಳಿದಿದ್ದ ನನಗೆ ಈ ಧೂಳು ಹೊತ್ತ ಹನಿ ಬೇರೆಯೇ ಅರ್ಥ ಕೊಟ್ಟಿತು.

ಮಿಂಚು ಗುಡುಗುಗಳೂ ಹೀಗೆಯೇ. "ಮಿಂಚಿನ ಪ್ರಶ್ನೆಗೆ ಗುಡುಗು ತಡೆದು ಉತ್ತರಿಸಿತು" ಎಂಬ ಸಾಲಿದ್ದರೆ ಆ "ತಡೆದು" ಒಂದು ಅಳತೆ. ಬೆಳಕು ತಕ್ಷಣ ಕಣ್ಣಿಗೆ ಬೀಳುತ್ತದೆ, ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಬರುತ್ತದೆ. ಮೂರು ಸೆಕೆಂಡು ತಡವಾದರೆ ಮಿಂಚು ಸುಮಾರು 1 ಕಿಲೋಮೀಟರ್ ದೂರ. ಕವಿತೆಯ ಮುಂದಿನ ಸಾಲುಗಳಲ್ಲಿ ಉತ್ತರ ಬೇಗಬೇಗ ಬರತೊಡಗಿದರೆ ಬಿರುಮಳೆ ತಲೆಯ ಮೇಲೆ ಬಂತು ಎಂದೇ ಅರ್ಥ.

ಅಲಂಕಾರವೇ ಇಲ್ಲದೆ ಪ್ರಕೃತಿ ಕವಿತೆ ಬರೆಯಬಹುದೇ?

ಬರೆಯಬಹುದು. ಆದರೆ ಅದೂ ಅಲಂಕಾರವೇ ಎಂದವರಿದ್ದಾರೆ. ಇದ್ದದ್ದನ್ನು ಇದ್ದಂತೆ, ಆದರೆ ಕಣ್ಣಿಗೆ ಕಟ್ಟುವಂತೆ ಹೇಳುವುದಕ್ಕೆ ಸ್ವಭಾವೋಕ್ತಿ ಎಂದು ಹೆಸರು. ದಂಡಿ ಅದನ್ನು ಅಲಂಕಾರಗಳಲ್ಲಿ ಮೊದಲನೆಯದೆಂದು ಎಣಿಸಿದ. ನಮ್ಮ 9ನೆಯ ಶತಮಾನದ ಕವಿರಾಜಮಾರ್ಗ ದಂಡಿಯ ಗ್ರಂಥಕ್ಕೆ ಬಹಳ ಋಣಿ. ಆಮೇಲೆ ಬಂದ ಕಾಶ್ಮೀರದ ಕುಂತಕ ಇದನ್ನು ಒಪ್ಪಲಿಲ್ಲ: ವಸ್ತುವಿನ ಸ್ವಭಾವವೇ ಅಲಂಕಾರವಾದರೆ ಅಲಂಕಾರ ತೊಡಿಸುವುದು ಯಾವುದಕ್ಕೆ? ಕೊರಳೇ ಸರವಾದರೆ ಸರ ಹಾಕುವುದೆಲ್ಲಿ ಎಂದು ಕೇಳಿದ ಹಾಗೆ. ಕುಂತಕನ ತರ್ಕ ಗಟ್ಟಿ. ನನ್ನ ಮನಸ್ಸು ಮಾತ್ರ ದಂಡಿಯ ಕಡೆಗೇ ಇದೆ. ಕರು ಮೊಲೆ ಗುದ್ದುವ ರೀತಿಯನ್ನು ಸರಿಯಾಗಿ ಬರೆಯುವುದು "ಚಂದ್ರನಂಥ ಮುಖ" ಎಂದು ಬರೆಯುವುದಕ್ಕಿಂತ ಕಷ್ಟ.

ಜಪಾನಿನ ಹೈಕುವಿನ ದಾರಿಯೂ ಇಲ್ಲಿ ನೆನಪಾಗುತ್ತದೆ. ಋತುವನ್ನು ಸೂಚಿಸುವ ಒಂದು ಪದ, ಎರಡು ಚಿತ್ರ, ನಡುವೆ ಒಂದು ಕತ್ತರಿಕೆ. "ಹಾಗೆ" ಎಂಬ ಸೇತುವೆಯನ್ನು ಅದು ಹೆಚ್ಚಾಗಿ ಕಟ್ಟುವುದಿಲ್ಲ, ಓದುಗರೇ ದಾಟಿಕೊಳ್ಳಬೇಕು.

ರೂಪಕಕ್ಕೂ ಪ್ರತೀಕಕ್ಕೂ ಏನು ವ್ಯತ್ಯಾಸ?

ರೂಪಕದಲ್ಲಿ ಉಪಮಾನ ಕವಿತೆಯೊಳಗೆ ನಿಜವಾಗಿ ಇರುವುದಿಲ್ಲ. ಮಂಜಿನ ಹಾಲಿನಲ್ಲಿ ಹಾಲಿಲ್ಲ. ಪ್ರತೀಕ ಹಾಗಲ್ಲ, ಮೊದಲು ತಾನು ತಾನಾಗಿ ಇರುತ್ತದೆ. ಕವಿತೆಯಲ್ಲಿ ಒಂದು ಒಣಮರ ಬಂದರೆ ಅದು ನಿಜಕ್ಕೂ ಒಣಮರ, ಅದರ ಮೇಲೆ ಹದ್ದು ಕೂರಬಹುದು. ಅಷ್ಟಾದ ಮೇಲೆ ಮುಪ್ಪನ್ನೋ ಒಂಟಿತನವನ್ನೋ ಸೂಚಿಸುತ್ತದೆ.

ಇದನ್ನು ಅತ್ಯಂತ ಹದವಾಗಿ ಬೆಳೆಸಿದ್ದು ಪ್ರಾಚೀನ ತಮಿಳು ಸಂಗಂ ಕವಿತೆ. ಅಲ್ಲಿ ನೆಲದ ಒಂದೊಂದು ಬಗೆಗೂ ಪ್ರೇಮದ ಒಂದೊಂದು ಅವಸ್ಥೆ ಹೊಂದಿಕೊಂಡಿದೆ. ಬೆಟ್ಟವೆಂದರೆ ಕೂಟ, ಕಾಡೆಂದರೆ ಭರವಸೆಯಿಂದ ಕಾಯುವುದು, ಗದ್ದೆಬಯಲೆಂದರೆ ಮುನಿಸು, ಕಡಲತೀರವೆಂದರೆ ಕೊರಗು, ಬೆಂಗಾಡೆಂದರೆ ಅಗಲಿಕೆ. ಹಿನ್ನೆಲೆಯನ್ನು ವರ್ಣಿಸಿದ ಕೂಡಲೇ ಮನಸ್ಸಿನ ಸ್ಥಿತಿಯನ್ನೂ ಹೇಳಿಯಾಯಿತು.

ಕಾಶ್ಮೀರದ ಆನಂದವರ್ಧನ 9ನೆಯ ಶತಮಾನದಲ್ಲಿ ಧ್ವನಿ, ಎಂದರೆ ಹೇಳದೆ ಹೊಳೆಯುವ ಅರ್ಥ, ಎಂದು ಕರೆದದ್ದು ಇದರ ವಿಶಾಲ ರೂಪ. "ಗಂಗೆಯ ಮೇಲೆ ಹಳ್ಳಿ" ಎಂಬುದು ಶಾಸ್ತ್ರಕಾರರ ಹಳೆಯ ಉದಾಹರಣೆ. ನೀರಿನ ಮೇಲೆ ಹಳ್ಳಿ ನಿಲ್ಲದು, ಹಾಗಾಗಿ ದಡ ಎಂದು ತಿಳಿಯುತ್ತೇವೆ. ಅದು ಲಕ್ಷಣೆ. ಹಾಗಾದರೆ ದಡ ಎಂದೇ ಹೇಳಬಹುದಿತ್ತಲ್ಲ? "ಗಂಗೆಯ ಮೇಲೆ" ಎಂದದ್ದರಿಂದ ಆ ಹಳ್ಳಿಗೆ ತಂಪೂ ಪಾವಿತ್ರ್ಯವೂ ಬಂದು ಸೇರಿದವು. ಅದು ವ್ಯಂಜನೆ. ಹೇಳದೆ ಬಂದು ಸೇರಿದ ಆ ತಂಪೇ ಪ್ರಕೃತಿ ಕವಿತೆಯಲ್ಲಿ ನಾವು ಹುಡುಕಬೇಕಾದ್ದು.

ಜಿಟಿಜಿಟಿ, ಜುಳುಜುಳು ಎಂಬ ಪದಗಳೂ ಅಲಂಕಾರವೇ?

ಅನುಕರಣ ಪದಗಳು. ಅರ್ಥದ ಅಲಂಕಾರ ಅಲ್ಲದಿದ್ದರೂ ಅವುಗಳಷ್ಟು ಕೆಲಸ ಮಾಡುವ ಪದಗಳು ಕಡಿಮೆ. ಜಿಟಿಜಿಟಿ ಮಳೆ ದಿನವಿಡೀ ಬಿಡದೆ ಕಾಡುವಂಥದ್ದು, ಧೋ ಎಂದು ಸುರಿಯುವುದು ಮಾತು ಕೇಳಿಸದಂಥದ್ದು, ಪಟಪಟ ಎಂದರೆ ದಪ್ಪ ಹನಿ, ಬಿಡಿಬಿಡಿ. ಮೂರಕ್ಕೂ ವಿಶೇಷಣ ಬೇಕಿಲ್ಲ. ಇವನ್ನು ಗಟ್ಟಿಯಾಗಿ ಓದಬೇಕು.

ಸವೆದ ಹೋಲಿಕೆಗಳನ್ನು ಗುರುತಿಸುವುದು ಹೇಗೆ?

ಮೊದಲ ಪದ ಕೇಳಿದ ಕೂಡಲೇ ಎರಡನೆಯದು ನಿಮ್ಮ ಬಾಯಿಗೆ ಬಂದುಬಿಟ್ಟರೆ ಅದು ಸವೆದಿದೆ. ಮುತ್ತಿನಂಥ ಮಂಜುಹನಿ, ಹಸಿರು ಸೀರೆಯುಟ್ಟ ಭೂಮಿ, ಬೆಳ್ಳಿಯ ಮೋಡ. ಎಂದೋ ಯಾರೋ ಕಣ್ಣಾರೆ ಕಂಡು ತಂದವೇ ಇವು, ಈಗ ನೋಟವಿಲ್ಲದೆ ಕೈಯಿಂದ ಕೈಗೆ ದಾಟುತ್ತಿವೆ. ಮಿಂಚುಹುಳುವಿಗೆ "ಕಿಡಿ" ಎನ್ನುವುದೂ ಹಾಗೇ ಆಗಿದೆ. ಆ ಹುಳುವಿನ ಬೆಳಕು ರಾಸಾಯನಿಕ ಕ್ರಿಯೆಯಿಂದ ಹುಟ್ಟುವ ತಣ್ಣನೆಯ ಬೆಳಕು, ಅಂಗೈಯಲ್ಲಿಟ್ಟರೂ ಬಿಸಿ ತಾಗುವುದಿಲ್ಲ. "ಸುಡಲು ಮರೆತ ಕಿಡಿ" ಎಂದರೆ ಹಳೆಯ ಹೋಲಿಕೆಗೆ ಸ್ವಲ್ಪ ಉಸಿರು ಬಂತು.

ಬೇರೆಯವರಿಗೆ ಕಾಣದ ಅರ್ಥ ನನಗೆ ಹೊಳೆದರೆ ನನ್ನ ಓದು ತಪ್ಪೇ?

ಪದಗಳ ಮೇಲೆ ಬೆರಳಿಟ್ಟು ತೋರಿಸಬಲ್ಲಿರಾದರೆ ತಪ್ಪಲ್ಲ. ಬತ್ತಿದ ಕೆರೆಯ ಆ ಐದು ಸಾಲುಗಳನ್ನು ಒಮ್ಮೆ ಕೆಲವರ ಮುಂದೆ ಓದಿದಾಗ ಹಿರಿಯರೊಬ್ಬರು, "ಮೋಡ ಹೋಯಿತು ಎಂದು ನೀವು ಬೇಸರ ಮಾಡಿಕೊಂಡಿರಿ. ನೆರಳು ಕೆರೆಗೆ ಇಳಿಯಿತಲ್ಲ, ಅದನ್ನು ನೋಡಲಿಲ್ಲವೇ? ಸುಡುವ ಮಣ್ಣಿಗೆ ಆ ಎರಡು ಕ್ಷಣ ತಂಪಾಗಿರುತ್ತದೆ" ಎಂದರು. ಬರೆದ ನನಗೇ ಅದು ಹೊಳೆದಿರಲಿಲ್ಲ. "ಇಳಿದು, ಹತ್ತಿ" ಎಂಬ ಪದಗಳು ಅಲ್ಲೇ ಇದ್ದವು. ದಂಡೆಯ ಮೇಲಿಂದ ನೋಡಿ ಮುಂದೆ ಹೋದದ್ದು ಮೋಡ, ಕೆಳಗಿಳಿದು ಬಂದದ್ದು ನೆರಳು.